ಹೂವಿನ ಪುಡಿ ತಿಂದ ಕೋಟಿ ವರ್ಷದ ಹುಳಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರ, ಬಾಗಲಕೋಟೆ ಕಡೆಯ ಶಾಲೆಗಳಿಗೆ ಹುಳಗಳ ಬಗ್ಗೆ ಮಾತಾಡಲು ಹೋದಾಗೆಲ್ಲ ನಾನು ಒಂದು ಚಿತ್ರ ತೋರಿಸುತ್ತೇನೆ. ಬೆಲ್ಲದ ಪಾಕದ ಬಣ್ಣದ ಗಟ್ಟಿ ರಾಳ, ಅದರೊಳಗೆ ಮೈ ಬಾಗಿಸಿಕೊಂಡು ಕೂತ ಒಂದು ಪುಟ್ಟ ದುಂಬಿ. ಅದರ ಮೈಮೇಲೆ ಹೂವಿನ ಪುಡಿ ಇದೆ, ವಯಸ್ಸು 9.9 ಕೋಟಿ ವರ್ಷ ಅಂತ ಹೇಳಿದ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ. ಮಕ್ಕಳು ಕೇಳುತ್ತಾರೆ, ಮೇಷ್ಟ್ರು ಕೇಳುತ್ತಾರೆ, ಮಕ್ಕಳನ್ನು ಕರೆದೊಯ್ಯಲು ಬಂದ ರೈತರೂ ನಿಂತು ಕೇಳುತ್ತಾರೆ. ಜಾಸ್ತಿ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಹೂವಿನ ಪುಡಿ ಅಂದರೂ ಪರಾಗ ಅಂದರೂ ಒಂದೇ. ದುಂಬಿ ಅಂದಾಗ ಇಲ್ಲಿ ಗಟ್ಟಿ ರೆಕ್ಕೆಯ ಹುಳ, ಅಂದರೆ ಬೀಟಲ್, ಅಂತ ತಿಳಿಯಿರಿ.

ಕೋಟಿಗಟ್ಟಲೆ ವರ್ಷದ ಹಿಂದೆ ಹುಳ ಏನು ತಿಂದಿತು ಅಂತ ಇವತ್ತು ಹೇಗೆ ಗೊತ್ತಾಗುತ್ತದೆ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಪೊಲೀಸರು ಕಳ್ಳನನ್ನು ಹಿಡಿಯುವ ರೀತಿಯಲ್ಲೇ ಇಲ್ಲೂ ಕೆಲಸ ನಡೆಯುತ್ತದೆ. ಕದ್ದ ಮಾಲು ಎಲ್ಲಿದೆ ಅಂತ ನೋಡಬೇಕು.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಹೊಟ್ಟೆಯೊಳಗಿನದು. ಕಲ್ಲಾದ ಹುಳದ ಕರುಳಿನಲ್ಲಿ ಪರಾಗದ ಕಣಗಳು ತುಂಬಿದ್ದರೆ ಅದು ತಿಂದಿದೆ, ಅಷ್ಟೇ. ಅದಾದ ಮೇಲೆ ಹಿಕ್ಕೆ. ಹುಳದ ಹಿಕ್ಕೆಯೂ ಕಲ್ಲಾಗಿ ಉಳಿಯುತ್ತದೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಊಟದ ಪಟ್ಟಿಯೇ ಸಿಗುತ್ತದೆ. ಹಿಕ್ಕೆ ಹಾಕಿದ ಹುಳ ಯಾವುದು ಅಂತ ಎಲ್ಲ ಸಲವೂ ಹೇಳಲು ಬರುವುದಿಲ್ಲ, ಆದರೆ ಯಾರೋ ಒಬ್ಬರು ತಿಂದಿದ್ದಾರೆ ಅನ್ನುವುದು ಖಾತ್ರಿ.

ಮೈಗೆ ಅಂಟಿದ ಪುಡಿಯೂ ಸಾಕ್ಷಿಯೇ. ಆದರೆ ಅದು ತಿಂದದ್ದಕ್ಕಿಂತ ಹೆಚ್ಚಾಗಿ ಹೂವಿನ ಹತ್ತಿರ ಹೋಗಿದ್ದನ್ನು ಹೇಳುತ್ತದೆ. ಕೊನೆಗೆ ಬಾಯಿ. ಪರಾಗ ತಿನ್ನುವ ಹುಳಗಳಲ್ಲಿ ಎಷ್ಟೋ ಹುಳಗಳ ಬಾಯಿಗೆ ಪುಡಿ ಗೋರಲು ಕೂದಲು ಇರುತ್ತದೆ, ಇಲ್ಲವೇ ಬಾಯಿಯ ಪಕ್ಕದ ಮೀಸೆಯಂಥ ಅಂಗದ ತುದಿ ಅಗಲವಾಗಿರುತ್ತದೆ. ಬಾಯಿ ಒಂದನ್ನೇ ನೋಡಿ ತೀರ್ಮಾನಕ್ಕೆ ಬರುವುದು ನನಗೆ ಒಪ್ಪಿಗೆ ಇಲ್ಲ. ಕೊಡಲಿ ಇಟ್ಟುಕೊಂಡವನೆಲ್ಲ ಮರ ಕಡಿದಿರಬೇಕು ಅಂತೇನಿಲ್ಲವಲ್ಲ. ಬಾಯಿ, ಮೈ, ಹೊಟ್ಟೆ ಮೂರೂ ಒಂದೇ ಮಾತು ಹೇಳಿದರೆ ಆಗ ನಂಬುತ್ತೇನೆ.

ಮುಟ್ಟಿದರೆ ಉದುರುವ ಪುಡಿ ಅಷ್ಟು ವರ್ಷ ಹೇಗೆ ಉಳಿಯಿತು?

ಪರಾಗದ ಕಣ ನೋಡಲು ಪುಡಿ, ಅದರ ಹೊರಗೋಡೆ ಮಾತ್ರ ಬಹಳ ಗಟ್ಟಿ. ಆ ಗೋಡೆ ಸ್ಪೋರೊಪೊಲ್ಲೆನಿನ್ ಅನ್ನುವ ವಸ್ತುವಿನಿಂದ ಆಗಿದೆ. ಜೀವಿಗಳು ತಯಾರಿಸುವ ವಸ್ತುಗಳಲ್ಲಿ ಇಷ್ಟು ಹಟಮಾರಿಯಾದದ್ದು ಕಡಿಮೆ. ಪರಾಗ ಹುಡುಕುವವರು ಕಲ್ಲನ್ನೇ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಹಾಕುತ್ತಾರೆ. ಕಲ್ಲು ಕರಗಿ ಹೋಗುತ್ತದೆ, ಪರಾಗ ಉಳಿಯುತ್ತದೆ! ಈ ಮಾತು ಹೇಳಿದಾಗ ಮಕ್ಕಳು ನಂಬುವುದೇ ಇಲ್ಲ. ನನಗೂ ಮೊದಲ ಸಲ ಕೇಳಿದಾಗ ಹಾಗೇ ಆಗಿತ್ತು.

ಇನ್ನೊಂದು ಅನುಕೂಲ ಇದೆ. ಒಂದೊಂದು ಗಿಡದ ಪರಾಗಕ್ಕೂ ಒಂದೊಂದು ಮೈಕಟ್ಟು. ಸೂರ್ಯಕಾಂತಿಯ ಕಣದ ತುಂಬ ಮುಳ್ಳು. ಜೋಳದ ಕಣ ನುಣ್ಣಗೆ, ಒಂದೇ ತೂತು. ಹತ್ತಿಯದು ದೊಡ್ಡದು, ಅದಕ್ಕೂ ಮುಳ್ಳು. ಹೀಗಾಗಿ ಹುಳದ ಹೊಟ್ಟೆಯಲ್ಲಿ ಹೂವಿನ ದಳ ಉಳಿಯದಿದ್ದರೂ, ಕಣ ನೋಡಿಯೇ ಯಾವ ಕುಟುಂಬದ ಗಿಡ ಅಂತ ಹೇಳಬಹುದು.

ಅಂಬರ್ ಅಂದರೆ ಏನು? ನಮ್ಮ ಜಾಲಿ ಗಿಡದ ಅಂಟೂ ಮುಂದೆ ಅಂಬರ್ ಆಗುತ್ತದಾ?

ಆಗುವುದಿಲ್ಲ. ಜಾಲಿ, ಬೇವಿನ ಅಂಟನ್ನು ನೀರಿಗೆ ಹಾಕಿ ನೋಡಿ, ಉಬ್ಬಿ ಕರಗುತ್ತದೆ. ಒಂದು ಮುಂಗಾರಿಗೇ ಅದರ ಕಥೆ ಮುಗಿಯಿತು. ಅಂಬರ್ ಆಗುವುದು ರಾಳ. ರಾಳಕ್ಕೆ ನೀರು ತಾಗುವುದಿಲ್ಲ. ಪಶ್ಚಿಮ ಘಟ್ಟದ ಕಾಡಿನಲ್ಲಿ ಧೂಪದ ಮರ ಇದೆ ನೋಡಿ, ಅದರಿಂದ ಒಸರುವುದು ರಾಳ. ಮನೆಯಲ್ಲಿ ಕೆಂಡದ ಮೇಲೆ ಹಾಕಿ ಹೊಗೆ ಎಬ್ಬಿಸುತ್ತೇವಲ್ಲ, ಅದೇ. ಅಂಥ ರಾಳ ಮಣ್ಣಿನಡಿ ಹೂತು, ಲಕ್ಷಾಂತರ ವರ್ಷ ಒತ್ತಡ ಬಿಸಿ ತಿಂದು ಗಟ್ಟಿಯಾದರೆ ಅಂಬರ್. ಒಸರುವಾಗ ಅದರಲ್ಲಿ ಸಿಕ್ಕ ಹುಳ ಕೂದಲು ಸಮೇತ ಹಾಗೇ ಉಳಿಯುತ್ತದೆ.

ನೀವು ತೋರಿಸುವ ಆ ದುಂಬಿಯ ಕಥೆ ಪೂರ್ತಿ ಹೇಳಿ.

ಸಂತೋಷದಿಂದ. ಅದರ ಹೆಸರು ಆಂಜಿಮೊರ್ಡೆಲ್ಲಾ ಬರ್ಮಿಟಿನಾ. ಸಿಕ್ಕದ್ದು ಮ್ಯಾನ್ಮಾರಿನ ಉತ್ತರಕ್ಕೆ, ಕಚಿನ್ ರಾಜ್ಯದ ಹುಕಾಂಗ್ ಕಣಿವೆಯ ಅಂಬರ್ ಗಣಿಯಿಂದ. ತೋಂಗ್ ಬಾವ್, ಬೋ ವಾಂಗ್, ಡೇವಿಡ್ ಡಿಲ್ಚರ್ ಮತ್ತು ಜೊತೆಗಾರರು 2019ರಲ್ಲಿ ಇದರ ಬಗ್ಗೆ ಬರೆದರು. ಹುಳದ ಉದ್ದ ಬರೀ ನಾಲ್ಕು ಮಿಲಿಮೀಟರಿನ ಆಸುಪಾಸು. ಸಜ್ಜೆಯ ಕಾಳಿಗಿಂತ ಸ್ವಲ್ಪ ಉದ್ದ ಅನ್ನಿ.

ಆ ಹುಳ ಈಗಿಲ್ಲ, ಆದರೆ ಅದರ ಕುಟುಂಬದ ದುಂಬಿಗಳು ಇವತ್ತಿಗೂ ಇವೆ. ಹೂವಿನ ಮೇಲೆ ಕೂತಿರುತ್ತವೆ, ಬೆರಳು ತಂದರೆ ಪಟ್ಟನೆ ಪಲ್ಟಿ ಹೊಡೆದು ಕೆಳಗೆ ಬೀಳುತ್ತವೆ. ಬೆನ್ನು ಬಿಲ್ಲಿನಂತೆ ಬಾಗಿದೆ, ಹಿಂಗಾಲು ದಪ್ಪ. ಅಂಬರಿನೊಳಗಿನ ಹುಳಕ್ಕೂ ಅದೇ ಬಾಗು, ಅದೇ ಹಿಂಗಾಲು. ಬಾಯಿಯ ಪಕ್ಕದ ಅಂಗದ ತುದಿಯೂ ಅಗಲ, ಪುಡಿ ಬಾಚಲು ತಕ್ಕಂತೆ.

ಅದರ ಮೈಯ ಕೂದಲುಗಳ ನಡುವೆ ಪರಾಗ ಹುಡುಕಿದರು. ಕೈಯಿಂದ ಅಲ್ಲ, ಲೇಸರ್ ಬೆಳಕಿನ ಸೂಕ್ಷ್ಮದರ್ಶಕದಿಂದ. ಪರಾಗಕ್ಕೆ ಒಂದು ಗುಣ ಇದೆ, ಕೆಲವು ಬಣ್ಣದ ಬೆಳಕು ಬಿದ್ದರೆ ಅದು ತಾನೇ ಮಿನುಗುತ್ತದೆ. ಹಾಗೆ ಮಿನುಗಿದ ಕಣಗಳನ್ನು ಎಣಿಸಿದರು, 62 ಸಿಕ್ಕವು. ಒಂದೊಂದಕ್ಕೂ ಮೂರು ಸೀಳು. ಮೂರು ಸೀಳಿನ ಪರಾಗ ಬರುವುದು ಹೂ ಬಿಡುವ ಗಿಡಗಳ ಒಂದು ದೊಡ್ಡ ಗುಂಪಿನಿಂದ ಮಾತ್ರ. ನಮ್ಮ ತೊಗರಿ, ಕುಸುಬಿ, ಹತ್ತಿ, ದಾಳಿಂಬೆ ಎಲ್ಲ ಆ ಗುಂಪಿನವೇ. ಅಂದರೆ ಈ ಹುಳ ನಿಜವಾದ ಹೂವಿಗೆ ಹೋಗಿತ್ತು.

ಹುಳ ಹೂವಿನ ಪರಾಗ ಹೊತ್ತದ್ದಕ್ಕೆ ಅದಕ್ಕೂ ಮೊದಲಿದ್ದ ನೇರ ಸಾಕ್ಷಿ ಐದು ಕೋಟಿ ವರ್ಷದ ಆಸುಪಾಸಿನದು. ಈ ಒಂದು ದುಂಬಿಯಿಂದ ಲೆಕ್ಕ ಇನ್ನೂ ಸುಮಾರು ಐದು ಕೋಟಿ ವರ್ಷ ಹಿಂದಕ್ಕೆ ಹೋಯಿತು. ವಯಸ್ಸು ಹೇಳುವುದು ಹೇಗೆ ಅಂತಲೂ ಕೇಳುತ್ತಾರೆ. ಅಂಬರ್ ಸಿಗುವ ಪದರದಲ್ಲಿ ಜ್ವಾಲಾಮುಖಿಯ ಬೂದಿ ಸೇರಿದೆ. ಆ ಬೂದಿಯಲ್ಲಿ ಜಿರ್ಕಾನ್ ಅನ್ನುವ ಪುಟ್ಟ ಹರಳುಗಳಿವೆ. ಹರಳಿನೊಳಗಿನ ಯುರೇನಿಯಂ ನಿಧಾನವಾಗಿ ಸೀಸ ಆಗುತ್ತದೆ. ಎಷ್ಟು ಸೀಸ ಆಗಿದೆ ಅಂತ ಅಳೆದರೆ ವಯಸ್ಸು ಸಿಗುತ್ತದೆ.

ಇದಾದ ಎರಡು ವರ್ಷಕ್ಕೆ, 2021ರಲ್ಲಿ, ಅದೇ ಅಂಬರಿನ ಇನ್ನೊಂದು ದುಂಬಿ ಬೆಳಕಿಗೆ ಬಂತು. ಪೆಲ್ರೀಟಿಸ್ ವಿವಿಫಿಕಸ್ ಅಂತ ಹೆಸರು. ಅದರ ಪಕ್ಕದಲ್ಲೇ ಹಿಕ್ಕೆ ಬಿದ್ದಿತ್ತು, ಹಿಕ್ಕೆಯ ತುಂಬ ಹೂವಿನ ಪರಾಗ. ಮೊದಲನೆಯದು ಹೂವಿಗೆ ಹೋಗಿದ್ದು ಗೊತ್ತಿತ್ತು, ಎರಡನೆಯದು ಉಂಡದ್ದೂ ಗೊತ್ತಾಯಿತು.

ಪುಡಿ ಗಾಳಿಯಲ್ಲಿ ಹಾರಿ ಬಂದು ಸುಮ್ನೆ ಅಂಟಿಕೊಂಡಿರಬಹುದಲ್ವಾ?

ಇದನ್ನು ನನಗೆ ಕೇಳಿದ್ದು ಬಾದಾಮಿ ತಾಲ್ಲೂಕಿನ ಒಬ್ಬ ಎಂಟನೇ ತರಗತಿ ಹುಡುಗಿ. ವಿಜ್ಞಾನಿಗಳು ಒಬ್ಬರಿಗೊಬ್ಬರು ಕೇಳಿಕೊಳ್ಳುವ ಪ್ರಶ್ನೆಯೂ ಇದೇ.

ನಮ್ಮ ಕಡೆ ಹಿಂಗಾರಿ ಜೋಳಕ್ಕೆ ಹೂವು ಬಂದಾಗ ಹೊಲದ ನಡುವೆ ನಡೆದರೆ ಅಂಗಿಯ ಮೇಲೆ ಹಳದಿ ಪುಡಿ ಕೂರುತ್ತದೆ. ನಾವೇನು ಜೋಳದ ಹೂವು ತಿಂದೆವಾ? ಹಾಗೆಯೇ ರಾಳದಲ್ಲಿ ಬಿದ್ದ ಹುಳದ ಮೇಲೆ ಎಲ್ಲಿಂದಲೋ ಹಾರಿದ ಕಣ ಕೂತಿರಬಹುದು. ಅದನ್ನು ಬೇರೆ ಮಾಡಲು ಕೆಲವು ದಾರಿಗಳಿವೆ.

ಹಾರಿ ಬಂದದ್ದಾದರೆ ಅಂಬರಿನ ತುಂಬೆಲ್ಲ ಹರಡಿರಬೇಕು, ಹುಳದ ಮೈಮೇಲೆ ಮಾತ್ರ ಕೂಡಿರಬಾರದು. ಹಾರಿ ಬಂದದ್ದು ಹತ್ತಾರು ಗಿಡಗಳ ಬೆರಕೆ ಆಗಿರಬೇಕು, ಒಂದೇ ಗಿಡದ್ದಾಗಿರಬಾರದು. ಇನ್ನೊಂದು, ಗಾಳಿಗೆ ಹಾರುವ ಪರಾಗ ಒಣಗಿರುತ್ತದೆ, ಬಿಡಿಬಿಡಿಯಾಗಿರುತ್ತದೆ. ಹುಳವನ್ನು ನಂಬಿದ ಹೂವಿನ ಪರಾಗಕ್ಕೆ ಎಣ್ಣೆಯಂಥ ಜಿಗುಟು ಇರುತ್ತದೆ, ಗುಂಪುಗುಂಪಾಗಿ ಅಂಟುತ್ತದೆ, ಮೈ ಒರಟಾಗಿರುತ್ತದೆ. ಬರ್ಮಾದ ದುಂಬಿಯ ಮೇಲಿನ ಕಣಗಳು ಈ ಎರಡನೇ ತರಹದವು. ಕೂದಲಿನ ಬುಡದಲ್ಲಿ ಸಿಕ್ಕಿಕೊಂಡಿದ್ದವು.

ಜೇನುಹುಳಗಳಲ್ಲಿ ಈ ಲೆಕ್ಕ ಇನ್ನೂ ಚಂದವಾಗಿ ಕಂಡಿದೆ. ಜರ್ಮನಿಯ ಮೆಸೆಲ್ ಮತ್ತು ಎಕ್‌ಫೆಲ್ಡ್‌ನಲ್ಲಿ ಸಿಕ್ಕ ಹಳೇ ಜೇನುಗಳನ್ನು ನೋಡಿ 2015ರಲ್ಲಿ ಒಂದು ಅಧ್ಯಯನ ಬಂತು. ಹಿಂಗಾಲಿನ ಪರಾಗದ ಮುದ್ದೆಯಲ್ಲಿ ಕೆಲವೇ ತರಹದ ಗಿಡಗಳ ಪರಾಗ. ತಲೆ, ಎದೆ, ಹೊಟ್ಟೆಯ ಮೇಲೆ ಸಿಕ್ಕಿದ್ದು ಬಗೆಬಗೆಯದು. ಕಾಲಿನದು ಮರಿಗಳಿಗೆ ಅಂತ ಆರಿಸಿ ಕಟ್ಟಿದ ಬುತ್ತಿ. ಮೈಮೇಲಿನದು ತಾನು ಮಕರಂದ ಕುಡಿಯಲು ಹೊಕ್ಕ ಹೂವುಗಳಿಂದ ಅಂಟಿದ್ದು. ಒಂದೇ ಹುಳದ ಮೈಮೇಲೆ ಎರಡು ಬೇರೆ ಕೆಲಸಗಳ ಗುರುತು.

ಹೂವೇ ಇಲ್ಲದ ಕಾಲದಲ್ಲೂ ಪರಾಗ ತಿನ್ನುವ ಹುಳ ಇದ್ದವಂತೆ. ಹೂ ಇಲ್ಲದೆ ಪರಾಗ ಎಲ್ಲಿಂದ?

ಇದ್ದವು. ನನಗೆ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಭಾಗ ಇದೇ.

ಹೂವಿನ ಗಿಡಗಳ ಸ್ಪಷ್ಟ ಗುರುತು ಕಲ್ಲಿನಲ್ಲಿ ಕಾಣತೊಡಗುವುದು ಸುಮಾರು 13 ಕೋಟಿ ವರ್ಷದಿಂದ ಈಚೆಗೆ. ಪರಾಗ ಅದಕ್ಕಿಂತ ಬಹಳ ಹಳೆಯದು. ಉದ್ಯಾನಗಳಲ್ಲಿ, ಕಚೇರಿಗಳ ಮುಂದೆ ಸೈಕಾಸ್ ಗಿಡ ನೆಟ್ಟಿರುತ್ತಾರೆ, ಗರಿ ಗರಿ ಎಲೆ, ಈಚಲ ಗಿಡದ ತರಹ. ಅದಕ್ಕೆ ಹೂ ಬಿಡುವುದಿಲ್ಲ. ನಡುವೆ ದೊಡ್ಡ ತೆನೆಯಂಥದ್ದು ಬರುತ್ತದೆ, ಗಂಡು ಗಿಡದ ತೆನೆಯಿಂದ ಪರಾಗ ಉದುರುತ್ತದೆ. ಪೈನ್ ಮರವೂ ಹಾಗೆಯೇ. ಇಂಥ ಹೂ ಬಿಡದ, ಆದರೆ ಬೀಜ ಬಿಡುವ ಗಿಡಗಳೇ ಆಗ ನೆಲದ ತುಂಬ ಇದ್ದವು.

ರಷ್ಯಾದ ಉರಲ್ ಬೆಟ್ಟಗಳ ಹತ್ತಿರ ಚೆಕಾರ್ಡಾ ಅಂತ ಜಾಗ. ಅಲ್ಲಿಯ ಕಲ್ಲಿನ ವಯಸ್ಸು ಸುಮಾರು 28 ಕೋಟಿ ವರ್ಷ. ಅಲ್ಲಿ ಸಿಕ್ಕ ಟಿಲ್ಯಾರ್ಡೆಂಬಿಯಾ ಅನ್ನುವ ಉದ್ದ ಮೈಯ ಹುಳದ 425 ಪಳೆಯುಳಿಕೆಗಳನ್ನು ಒಂದೊಂದಾಗಿ ನೋಡಿದರು. ಆರರ ಮೈಮೇಲೆ ಮಾತ್ರ ಪರಾಗ ಸಿಕ್ಕಿತು. 2023ರಲ್ಲಿ ಪ್ರಕಟವಾದ ಕೆಲಸ ಇದು. ಮೈಗೆ ಪರಾಗ ಅಂಟಿದ ಹುಳಗಳಲ್ಲಿ ಆಗ ಗೊತ್ತಿದ್ದವುಗಳ ಪೈಕಿ ಎಲ್ಲಕ್ಕಿಂತ ಹಳೆಯವು ಇವು. ಆರು ಹುಳಕ್ಕಾಗಿ 425 ಕಲ್ಲು ತಿರುವಿ ಹಾಕಿದ ಆ ತಾಳ್ಮೆಗೆ ನಾನು ಕೈ ಮುಗಿಯುತ್ತೇನೆ. ಚೆಕಾರ್ಡಾದ ಬೇರೆ ಹುಳಗಳ ಕರುಳಿನಲ್ಲಿ ಪರಾಗ ಸಿಕ್ಕದ್ದು ಇನ್ನೂ ಮೊದಲೇ ಗೊತ್ತಿತ್ತು.

ಅಲ್ಲಿಂದ ಮುಂದಕ್ಕೆ ಬಂದರೆ ಸ್ಪೇನಿನ ಆಲಾವಾ. ಅಲ್ಲಿಯ ಅಂಬರಿನಲ್ಲಿ 10.5ರಿಂದ 11 ಕೋಟಿ ವರ್ಷದ ಥ್ರಿಪ್ಸ್ ಸಿಕ್ಕಿವೆ. ಹೌದು, ಅದೇ ಥ್ರಿಪ್ಸ್ ನುಸಿ. ಉಳ್ಳಾಗಡ್ಡಿ, ಮೆಣಸಿನಕಾಯಿ ಬೆಳೆಯುವವರು ಇದರ ಹೆಸರು ಕೇಳಿದರೇ ಸಿಟ್ಟಾಗುತ್ತಾರೆ. ಆ ಹಳೇ ಥ್ರಿಪ್ಸ್‌ನ ಮೈಮೇಲೆ ನೂರಾರು ಪರಾಗದ ಕಣ ಇದ್ದವು, ಸೈಕಾಸ್ ಅಥವಾ ಗಿಂಕೋ (ಅದೂ ಹೂ ಬಿಡದೆ ಬೀಜ ಬಿಡುವ ಮರ) ಕಡೆಯ ಗಿಡದವು. ಮೈಯ ಕೂದಲಿಗೆ ಉಂಗುರ ಉಂಗುರ ಇತ್ತು, ಪರಾಗ ಜಾರದಂತೆ. ಎನ್ರಿಕೆ ಪೆನ್ಯಾಲ್ವರ್ ಮತ್ತು ಜೊತೆಗಾರರು 2012ರಲ್ಲಿ ಇದನ್ನು ವಿವರಿಸಿದರು. ಇವತ್ತೂ ಆಸ್ಟ್ರೇಲಿಯಾದಲ್ಲಿ ಸೈಕಾಸ್ ಬಳಗದ ಕೆಲವು ಗಿಡಗಳಿಗೆ ಥ್ರಿಪ್ಸೇ ಪರಾಗ ಮುಟ್ಟಿಸುತ್ತವೆ.

ನಮ್ಮ ದೇಶದ ನಂಟೂ ಇಲ್ಲಿ ಬರುತ್ತದೆ. ಡೈನೋಸಾರ್ ಕಾಲದಲ್ಲಿ ಬೆನ್ನೆಟ್ಟಿಟೇಲ್ಸ್ ಅನ್ನುವ ಗಿಡಗಳಿದ್ದವು. ಎಲೆ ಸೈಕಾಸಿನದು, ತೆನೆ ಮಾತ್ರ ಹೂವಿನ ಹಾಗೆ. ಈಗ ಒಂದೂ ಉಳಿದಿಲ್ಲ. ಜಾರ್ಖಂಡದ ರಾಜಮಹಲ್ ಬೆಟ್ಟದಲ್ಲಿ ಸಿಕ್ಕ ಇಂಥ ಒಂದು ಗಿಡ ಇಡಿಯಾಗಿ ಹೇಗಿತ್ತು ಅಂತ 1932ರಲ್ಲಿ ತೋರಿಸಿಕೊಟ್ಟವರು ಬೀರಬಲ್ ಸಾಹ್ನಿ. ವಿಲಿಯಂಸೋನಿಯಾ ಸಿವಾರ್ಡಿಯಾನಾ ಅಂತ ಅದರ ಹೆಸರು. ಆ ಗುಂಪಿನ ಪರಾಗ ಹೊತ್ತ ಉದ್ದ ಕೊಳವೆ ಬಾಯಿಯ ನೊಣವೊಂದು ಸ್ಪೇನಿನ ಅಂಬರಿನಲ್ಲಿ ಸಿಕ್ಕಿತು, 2015ರಲ್ಲಿ ಸುದ್ದಿಯಾಯಿತು.

ಇನ್ನೂ ಹಿಂದೆ ಹೋದರೆ ಪರಾಗವೂ ಇರಲಿಲ್ಲ. ಆಗ ಗಿಡಗಳು ಉದುರಿಸುತ್ತಿದ್ದದ್ದು ಬೀಜಕಣ, ನಮ್ಮ ಜರಿಗಿಡದ ಎಲೆಯ ಹಿಂದೆ ಕಂದು ಪುಡಿ ಇರುತ್ತದಲ್ಲ, ಅಂಥದ್ದು. ಇಂಗ್ಲೆಂಡ್ ಮತ್ತು ವೇಲ್ಸ್ ಗಡಿಯ 40 ಕೋಟಿಗೂ ಹಳೆಯ ಕಲ್ಲುಗಳಲ್ಲಿ ಬೀಜಕಣ ತುಂಬಿದ ಹಿಕ್ಕೆಗಳು ಸಿಕ್ಕಿವೆ. ಡಯಾನ್ ಎಡ್ವರ್ಡ್ಸ್ ಮತ್ತು ಜೊತೆಗಾರರು 1995ರಲ್ಲಿ ತೋರಿಸಿದರು. ಗಿಡದ ಪುಡಿ ತಿನ್ನುವ ಚಟ ನೆಲದ ಮೇಲಿನ ಗಿಡಗಳಷ್ಟೇ ಹಳೆಯದು ಅಂತ ಅನ್ನಿಸುತ್ತದೆ.

ಅಷ್ಟು ಗಟ್ಟಿ ಗೋಡೆಯ ಕಣವನ್ನು ಹುಳ ಅರಗಿಸಿಕೊಳ್ಳುವುದು ಹೇಗೆ?

ಒಂದೊಂದರದ್ದು ಒಂದೊಂದು ಉಪಾಯ. ಕೆಲವು ದುಂಬಿಗಳು ಅಗಿದು ಪುಡಿ ಮಾಡುತ್ತವೆ. ಥ್ರಿಪ್ಸ್ ಒಂದೊಂದು ಕಣಕ್ಕೂ ತೂತು ಕೊರೆದು ಒಳಗಿನದನ್ನು ಹೀರುತ್ತದೆ. ಕೆಲವು ನುಂಗಿಬಿಡುತ್ತವೆ, ಕರುಳಿನ ರಸ ಕಣದ ಸೀಳುಗಳಿಂದ ಒಳಗೆ ಹೋಗಿ ತಿರುಳನ್ನು ಕರಗಿಸುತ್ತದೆ. ಖಾಲಿ ಗೋಡೆ ಹಿಕ್ಕೆಯಲ್ಲಿ ಹೊರಬೀಳುತ್ತದೆ. ನಮಗೆ ಸಾಕ್ಷಿಯಾಗಿ ಸಿಗುವುದು ಹೆಚ್ಚಾಗಿ ಆ ಗೋಡೆ. ಇಷ್ಟೆಲ್ಲ ಕಷ್ಟಪಟ್ಟು ತಿನ್ನುವುದಕ್ಕೆ ಕಾರಣ ಪ್ರೋಟೀನು, ಕೊಬ್ಬು. ಎಲೆಗಿಂತ ಇದು ಎಷ್ಟೋ ಪುಷ್ಟಿಯ ಊಟ.

ಪರಾಗ ತಿನ್ನುವುದೂ ಪರಾಗಸ್ಪರ್ಶವೂ ಒಂದೇನಾ?

ಅಲ್ಲ. ಇದನ್ನು ಬಿಡಿಸಿ ಹೇಳಲಿಕ್ಕೇ ನಾನು ಈ ಪುಟ ಬರೆಯಲು ಕೂತೆ ಅಂದರೂ ತಪ್ಪಿಲ್ಲ.

ನಮ್ಮ ತೊಗರಿ ಹೊಲ ನೆನಪಿಸಿಕೊಳ್ಳಿ. ಹೂ ಬಿಟ್ಟಾಗ ಕಪ್ಪು ಮೈಮೇಲೆ ಕೆಂಪು ಪಟ್ಟಿಯ ಒಂದು ದುಂಬಿ ಬರುತ್ತದೆ. ಕೈಯಲ್ಲಿ ಹಿಸುಕಿದರೆ ಬೊಬ್ಬೆ ಏಳುತ್ತದೆ, ಮಕ್ಕಳಿಗೆ ಮುಟ್ಟಬೇಡ ಅಂತ ಹಿರಿಯರು ಹೇಳುವ ಹುಳ. ಅದು ಹೂವಿನ ದಳವನ್ನೂ ತಿನ್ನುತ್ತದೆ, ಪರಾಗವನ್ನೂ ತಿನ್ನುತ್ತದೆ. ನಮ್ಮ ಅಪ್ಪ ಬೆಳಿಗ್ಗೆ ಎದ್ದು ಕೋಲಿನಿಂದ ಅವನ್ನು ಬಕೆಟ್ಟಿಗೆ ಕೆಡವುತ್ತಿದ್ದರು. ಆ ಹುಳ ಹೂವಿಗೆ ಹೋಗಿದೆ, ಪರಾಗ ತಿಂದಿದೆ, ಮೈಗೆ ಪುಡಿಯೂ ಅಂಟಿದೆ. ಗಿಡಕ್ಕೆ ಮಾತ್ರ ನಷ್ಟ. ಇಂಥ ಹುಳ ಮುಂದೆ ಕಲ್ಲಾಗಿ ಸಿಕ್ಕರೆ, ನೋಡಿದವರು ಇದು ಗಿಡದ ಗೆಳೆಯ ಅಂತ ಬರೆದುಬಿಟ್ಟರೆ?

ಅದಕ್ಕೇ ಹೊಟ್ಟೆಯ ಪರಾಗ ಒಂದು ಮಾತು ಹೇಳಿದರೆ ಮೈಮೇಲಿನ ಪರಾಗ ಇನ್ನೊಂದು ಮಾತು ಹೇಳುತ್ತದೆ. ಹೊಟ್ಟೆಗೆ ಹೋದದ್ದು ಗಿಡದ ಪಾಲಿಗೆ ಮುಗಿಯಿತು. ಮೈಗೆ ಅಂಟಿದ್ದು ಮಾತ್ರ ಇನ್ನೊಂದು ಹೂವಿಗೆ ಮುಟ್ಟಬಹುದು. ಚೆಕಾರ್ಡಾದ ಹುಳಗಳ ವಿಚಾರದಲ್ಲಿ ನಾನು ಹುಷಾರಾಗಿಯೇ ಮಾತಾಡುತ್ತೇನೆ. ಅವು ಪರಾಗ ಹೊತ್ತಿದ್ದವು, ಅದು ಸರಿ. ಆ ಗಿಡದ ಹೆಣ್ಣು ತೆನೆಗೆ ಅದನ್ನು ಮುಟ್ಟಿಸಿದವು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕು.

ನನಗೆ ಅನ್ನಿಸುವುದು ಹೀಗೆ. ಮೊದಲು ನಡೆದದ್ದು ಕಳ್ಳತನ. ಹುಳ ತನ್ನ ಹೊಟ್ಟೆಗೆ ಅಂತ ಬಂತು. ತಿನ್ನುವಾಗ ಚೆಲ್ಲಿ ಮೈಗೆ ಅಂಟಿದ ನಾಲ್ಕು ಕಣ ಇನ್ನೊಂದು ಗಿಡ ಸೇರಿತು. ಹಾಗೆ ಸೇರಿದ ಗಿಡಕ್ಕೆ ಬೀಜ ಜಾಸ್ತಿ ಆಯಿತು. ಗಿಡ ಪರಾಗವನ್ನು ಜಿಗುಟು ಮಾಡಿತು, ಮಕರಂದ ಇಟ್ಟಿತು, ಬಣ್ಣ ಹಚ್ಚಿತು. ಇದೆಲ್ಲ ಒಬ್ಬರು ಕೂತು ಯೋಚಿಸಿ ಮಾಡಿದ್ದಲ್ಲ, ಕೋಟಿಗಟ್ಟಲೆ ವರ್ಷ ತಲೆಮಾರು ತಲೆಮಾರು ಕಳೆದು ಆದದ್ದು. ಡಾರ್ವಿನ್ 1879ರಲ್ಲಿ ಗೆಳೆಯ ಹೂಕರ್‌ಗೆ ಬರೆದ ಕಾಗದದಲ್ಲಿ, ಹೂ ಬಿಡುವ ಗಿಡಗಳು ಇಷ್ಟು ಬೇಗ ಇಷ್ಟು ಬಗೆಯಾಗಿದ್ದು ದೊಡ್ಡ ಒಗಟು ಅಂತ ಕೊರಗಿದ್ದರು. ಅಂಬರಿನ ದುಂಬಿಗಳು ಆ ಒಗಟಿನ ಒಂದು ತುದಿಯನ್ನು ನಮ್ಮ ಕೈಗೆ ಕೊಟ್ಟಿವೆ.

ದಾಳಿಂಬೆ, ದ್ರಾಕ್ಷಿಯ ನೊಣ ಅಂತ ಒಂದು ಸಿಕ್ಕಿದೆಯಂತೆ, ನಿಜಾನಾ?

ದಾಳಿಂಬೆಯದೇ ಅಲ್ಲ, ಅದರ ಬಳಗದ್ದು. ಕಥೆ ಚೆನ್ನಾಗಿದೆ, ಕೇಳಿ.

ಜರ್ಮನಿಯ ಮೆಸೆಲ್‌ನಲ್ಲಿ ಒಂದು ಹಳೇ ಗಣಿ ಇದೆ, ಯುನೆಸ್ಕೋ 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಜಾಗ. ಹಿಂದೆ ಅಲ್ಲಿ ಕೆರೆ ಇತ್ತು. ಕೆರೆಯ ಕೆಸರಿನಲ್ಲಿ ಸಿಕ್ಕಿಬಿದ್ದ ಒಂದು ನೊಣದ ಹೊಟ್ಟೆ ಉಬ್ಬಿತ್ತು. ವಯಸ್ಸು ಸುಮಾರು 4.75 ಕೋಟಿ ವರ್ಷ. ಆ ಹೊಟ್ಟೆಯೊಳಗಿನದನ್ನು ತೆಗೆದು ನೋಡಿದಾಗ ಪರಾಗವೋ ಪರಾಗ. ಸೋನ್ಯಾ ವೇಡ್‌ಮಾನ್ ಮತ್ತು ಜೊತೆಗಾರರು 2021ರಲ್ಲಿ ಪ್ರಕಟಿಸಿದರು. ಕನಿಷ್ಠ ನಾಲ್ಕು ಕುಟುಂಬದ ಗಿಡಗಳ ಪರಾಗ ಇತ್ತು. ಒಂದು ದಾಳಿಂಬೆ, ಮದರಂಗಿ ಸೇರಿದ ಕುಟುಂಬ. ಇನ್ನೊಂದು ದ್ರಾಕ್ಷಿಯ ಕುಟುಂಬ. ಮತ್ತೊಂದು ಚಿಕ್ಕು ಸೇರಿದ ಕುಟುಂಬ. ನಾಲ್ಕನೆಯದು ಮಲ್ಲಿಗೆ ಸೇರಿದ ಕುಟುಂಬ.

ಬಾಗಲಕೋಟೆಯ ದಾಳಿಂಬೆ ತೋಟ, ತಿಕೋಟಾ ಕಡೆಯ ದ್ರಾಕ್ಷಿ ಚಪ್ಪರ, ಹಿತ್ತಲಿನ ಚಿಕ್ಕು, ಅಂಗಳದ ಮಲ್ಲಿಗೆ ಬಳ್ಳಿ. ಇವೆಲ್ಲದರ ದೂರದ ನೆಂಟರು ಒಂದೇ ನೊಣದ ಕೊನೆಯ ಊಟದಲ್ಲಿ! ಇದನ್ನು ತೋಟಗಾರರ ಸಭೆಯಲ್ಲಿ ಹೇಳಿದಾಗ ಹಿಂದಿನ ಸಾಲಿನವರೂ ಎದ್ದು ಮುಂದೆ ಬಂದರು. ಪರಾಗ ಹೊರುವುದು ಅಂದರೆ ಜೇನು ಮಾತ್ರ ಅಂತ ತಿಳಿದಿದ್ದೇವೆ. ನೊಣವೂ ಅಷ್ಟೇ ಹಳೇ ಕೆಲಸಗಾರ.

ಹಾಗಾದರೆ ಜೇನು ಬಂದದ್ದು ಯಾವಾಗ?

ದುಂಬಿ, ಥ್ರಿಪ್ಸ್, ನೊಣಗಳಿಗಿಂತ ಬಹಳ ತಡ. ಜೇನುಗಳು ಕಣಜದ ಒಂದು ಕವಲಿನಿಂದ ಬಂದವು. ಮಾಂಸ ಹುಡುಕುವುದನ್ನು ಬಿಟ್ಟು ಮರಿಗಳಿಗೂ ಪರಾಗ ಉಣಿಸತೊಡಗಿದ ಕಣಜ ಅಂದರೆ ಜೇನು. ಡೊಮಿನಿಕನ್ ದೇಶದ ಅಂಬರಿನಲ್ಲಿ ಮುಳ್ಳಿಲ್ಲದ ಜೇನೊಂದು ಸಿಕ್ಕಿದೆ, ನಮ್ಮ ಮುಜಂಟಿಯ ನೆಂಟ. ವಯಸ್ಸು 1.5ರಿಂದ 2 ಕೋಟಿ ವರ್ಷ. ಅದರ ಬೆನ್ನಿಗೆ ಆರ್ಕಿಡ್ ಹೂವಿನ ಪರಾಗದ ಮುದ್ದೆ ಹಾಗೇ ಅಂಟಿದೆ. 2007ರಲ್ಲಿ ಇದು ಪ್ರಕಟವಾದಾಗ ಆರ್ಕಿಡ್‌ನ ಮೊದಲ ಖಚಿತ ಪಳೆಯುಳಿಕೆ ಸಿಕ್ಕಂತಾಯಿತು. ಹೂವೇ ಸಿಗಲಿಲ್ಲ, ಹೂವಿನ ಹೊರೆ ಹೊತ್ತ ಜೇನು ಸಿಕ್ಕಿತು.

9.9 ಕೋಟಿ ಅಂದರೆ ಎಷ್ಟು ಅಂತ ತಲೆಗೆ ಹತ್ತುವುದಿಲ್ಲ ಸರ್.

ಗೋಳಗುಮ್ಮಟ ಮುಗಿದದ್ದು 1656ರಲ್ಲಿ ಅನ್ನುತ್ತಾರೆ, ಸುಮಾರು 370 ವರ್ಷ ಆಯಿತು. ಆ 370 ವರ್ಷವನ್ನು ಒಂದು ಮಿಲಿಮೀಟರ್ ಅಂದುಕೊಳ್ಳಿ, ಸ್ಕೇಲಿನ ಒಂದು ಸಣ್ಣ ಗೆರೆ. ಆ ಲೆಕ್ಕದಲ್ಲಿ ಬರ್ಮಾದ ದುಂಬಿ 267 ಮೀಟರ್ ದೂರ ಕೂತಿದೆ. ಚೆಕಾರ್ಡಾದ ಹುಳ ಮುಕ್ಕಾಲು ಕಿಲೋಮೀಟರ್ ಆಚೆ.

ನಮ್ಮ ಜಿಲ್ಲೆಗಳಲ್ಲಿ ಇಂಥ ಪಳೆಯುಳಿಕೆ ಯಾಕೆ ಸುದ್ದಿಯಾಗುವುದಿಲ್ಲ?

ನಮ್ಮ ನೆಲದ ಕಲ್ಲು ಇದಕ್ಕೆ ತಕ್ಕದ್ದಲ್ಲ. ಬಾದಾಮಿಯ ಗುಹೆಗಳನ್ನು ಕೊರೆದ ಆ ಕೆಂಪು ಮರಳುಗಲ್ಲು ಹುಳಗಳಿಗಿಂತ ಎಷ್ಟೋ ಹಳೆಯದು. ಕಲಾದಗಿ ಊರಿನ ಹೆಸರು ಹೊತ್ತ ಕಲ್ಲಿನ ಸಾಲು ಬಾಗಲಕೋಟೆ, ಬೆಳಗಾವಿಯಲ್ಲಿ ಹರಡಿದೆ, ಅದೂ ಹಾಗೆಯೇ. ಅದರ ಸುಣ್ಣದ ಕಲ್ಲುಗಳಲ್ಲಿ ಸ್ಟ್ರೊಮಾಟೊಲೈಟ್ ಇವೆ, ಕಣ್ಣಿಗೆ ಕಾಣದ ಜೀವಿಗಳು ಕಟ್ಟಿದ ಪದರಗಳು. ಆಗ ನೆಲದ ಮೇಲೆ ಗಿಡವೂ ಇರಲಿಲ್ಲ, ಹುಳವೂ ಇರಲಿಲ್ಲ.

ವಿಜಯಪುರದ ಎರೆ ಮಣ್ಣು ಬಂದದ್ದು ಕಪ್ಪು ಕಲ್ಲಿನಿಂದ, ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾದಿಂದ. ಬೆಂಕಿಯ ಲಾವಾದಲ್ಲಿ ಹುಳ ಉಳಿಯುವುದಿಲ್ಲ. ಆದರೆ ಒಂದು ಲಾವಾ ಹರಿದು ಆರಿ, ಇನ್ನೊಂದು ಹರಿಯುವ ನಡುವೆ ಕೆರೆ ಕಟ್ಟಿತು, ಗಿಡ ಬೆಳೆಯಿತು. ಆ ಕೆಸರಿನ ತೆಳು ಪದರಗಳು ದಖ್ಖನ್‌ನಲ್ಲಿ ಅಲ್ಲಲ್ಲಿ ಇವೆ. ಅವುಗಳಲ್ಲಿ ಗಿಡ, ಪರಾಗ, ಮೀನಿನ ಹಲ್ಲು ಸಿಕ್ಕಿವೆ. ನಮ್ಮ ಕಡೆಯ ಹುಡುಗರು ಕಪ್ಪು ಕಲ್ಲಿನ ನಡುವೆ ಮಣ್ಣಿನ ಪದರ ಕಂಡರೆ ನಿಂತು ನೋಡಲಿ ಅನ್ನುವುದು ನನ್ನ ಆಸೆ.

ಭಾರತದಲ್ಲಿ ಅಂಬರ್ ಎಲ್ಲಿದೆ?

ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ. ಸುಮಾರು 5 ಕೋಟಿ ವರ್ಷದ್ದು. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ಹುಕಮ್ ಸಿಂಗ್ ಮತ್ತು ವಿದೇಶದ ಜೊತೆಗಾರರು 2010ರಲ್ಲಿ ಬರೆದಾಗಲೇ 700ಕ್ಕೂ ಜಾಸ್ತಿ ಹುಳ, ಜೇಡ ಮುಂತಾದವು ಸಿಕ್ಕಿದ್ದವು. ಆ ರಾಳ ಒಸರಿದ್ದು ನಮ್ಮ ಧೂಪದ ಮರದ ಕುಟುಂಬದ ಮರಗಳಿಂದ.

ಆನ್‌ಲೈನ್‌ನಲ್ಲಿ ಬರ್ಮಾ ಅಂಬರ್ ಮಾರುತ್ತಾರೆ. ಶಾಲೆಗೆ ಒಂದು ತರಿಸಬಹುದಾ?

ಬೇಡ ಅಂತ ಕೈ ಜೋಡಿಸಿ ಹೇಳುತ್ತೇನೆ. ಕಚಿನ್‌ನಲ್ಲಿ ಬಹಳ ವರ್ಷದಿಂದ ಕಾದಾಟ ನಡೆದಿದೆ, ಗಣಿಯ ದುಡ್ಡು ಆ ಕಾದಾಟಕ್ಕೆ ಹೋಗುತ್ತದೆ ಅನ್ನುವ ಆತಂಕ ಇದೆ. 2020ರಲ್ಲಿ ಬೆನ್ನುಮೂಳೆ ಪ್ರಾಣಿಗಳ ಪಳೆಯುಳಿಕೆ ಅಧ್ಯಯನ ಮಾಡುವ ಸಂಘವೇ, ಇತ್ತೀಚೆಗೆ ಗಣಿಯಿಂದ ಬಂದ ಅಂಬರಿನ ಮೇಲಿನ ಬರಹ ಪ್ರಕಟಿಸಬೇಡಿ ಅಂತ ಪತ್ರಿಕೆಗಳನ್ನು ಕೇಳಿಕೊಂಡಿತು. ನಾನು ಮೆಚ್ಚಿ ತೋರಿಸುವ ದುಂಬಿಯೂ ಅದೇ ನೆಲದ್ದು, ಅದನ್ನು ಮಕ್ಕಳಿಗೆ ಹೇಳಿಯೇ ತೋರಿಸುತ್ತೇನೆ. ಸುಳ್ಳು ಅಂಬರ್ ಕೂಡ ಜಾಸ್ತಿ, ಪ್ಲಾಸ್ಟಿಕ್ಕಿನೊಳಗೆ ಇವತ್ತಿನ ಹುಳ ಇಟ್ಟು ಮಾರುತ್ತಾರೆ. ಚಿತ್ರ ಸಾಕು.

ನಮ್ಮ ಮನೆಯ ಹಾಸುಗಲ್ಲಿನಲ್ಲಿ ಎಲೆಯ ಗುರುತು ಇದೆ. ಪಳೆಯುಳಿಕೆನಾ?

ನೂರಕ್ಕೆ ತೊಂಬತ್ತೊಂಬತ್ತು ಸಲ ಅಲ್ಲ. ಜರಿಗಿಡದ ಎಲೆಯ ಹಾಗೆ ಕವಲೊಡೆದ ಕಪ್ಪು ಚಿತ್ರ ಇದ್ದರೆ ಅದು ಮ್ಯಾಂಗನೀಸ್. ಕಲ್ಲಿನ ಬಿರುಕಿನಲ್ಲಿ ನೀರು ಇಳಿದಾಗ ಬಿಟ್ಟುಹೋದ ಕಲೆ. ಹೊಲದಲ್ಲಿ, ಕಲ್ಲಿನ ಗಣಿಯಲ್ಲಿ ನಿಜಕ್ಕೂ ಅನುಮಾನ ಬರುವಂಥದ್ದು ಕಂಡರೆ ಕೆತ್ತಬೇಡಿ, ತೊಳೆಯಬೇಡಿ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ತೆಗೆಯಿರಿ, ಜಾಗ ಬರೆದಿಟ್ಟುಕೊಳ್ಳಿ, ಹತ್ತಿರದ ಕಾಲೇಜಿನ ಭೂಗರ್ಭಶಾಸ್ತ್ರದವರಿಗೆ ತೋರಿಸಿ.

ಇದನ್ನೆಲ್ಲ ಮಕ್ಕಳಿಗೆ ಕಣ್ಣಾರೆ ತೋರಿಸಲು ಏನು ಮಾಡಬೇಕು?

ಶಾಲೆಯ ಸೂಕ್ಷ್ಮದರ್ಶಕ ಸಾಕು. ಒಂದು ಚಮಚ ಗೂಡಿನಿಂದ ತೆಗೆದ, ಸೋಸದ ಜೇನುತುಪ್ಪ ತನ್ನಿ. ಕೋಲು ಜೇನಾದರೂ ಸರಿ, ತುಡುವೆಯಾದರೂ ಸರಿ. ಉಗುರು ಬೆಚ್ಚಗಿನ ನೀರಿನಲ್ಲಿ ಕದಡಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮೇಲಿನ ನೀರು ಮೆಲ್ಲಗೆ ಬಸಿದು, ತಳದಲ್ಲಿ ಉಳಿದದ್ದರಿಂದ ಒಂದು ಹನಿ ಗಾಜಿನ ಪಟ್ಟಿಯ ಮೇಲೆ ಹಾಕಿ. 400 ಪಟ್ಟು ದೊಡ್ಡದು ಮಾಡಿ ನೋಡಿದರೆ ಆ ಜೇನು ಯಾವ ಯಾವ ಹೂವಿಗೆ ಹೋಗಿತ್ತು ಅನ್ನುವುದು ಕಣಕಣವಾಗಿ ಕಾಣುತ್ತದೆ. ಮೆಸೆಲ್‌ನ ನೊಣದ ಹೊಟ್ಟೆಯಲ್ಲಿ ಹುಡುಕಿದ್ದೂ ಇಂಥ ಕಣಗಳನ್ನೇ.

ಕಣಗಳ ಗುರುತು ಹಿಡಿಯಲು ಮೊದಲು ಸುತ್ತಲಿನ ಹೂವುಗಳ ಪರಾಗವನ್ನು ನೋಡಿ ಚಿತ್ರ ಬರೆಸಿ. ಕುಸುಬಿ, ಸೂರ್ಯಕಾಂತಿ, ತೊಗರಿ, ನಿಂಬೆ, ಬೇವು. ಶುರು ಮಾತ್ರ ಹತ್ತಿ ಹೂವಿನಿಂದ ಮಾಡಿ. ಅದರ ಕಣ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು ದೊಡ್ಡದು, ಸುತ್ತಲಿನ ಮುಳ್ಳು ಚಿಕ್ಕ ಮಕ್ಕಳಿಗೂ ಕಾಣುತ್ತದೆ. ಹೂವನ್ನು ಬೆಳಿಗ್ಗೆ ಅರಳಿದಾಗಲೇ ಕಿತ್ತು ತನ್ನಿ. ಮರುದಿನಕ್ಕೆ ಅದು ಕೆಂಪಗೆ ಮುದುಡಿ, ಪುಡಿ ಉದುರಿಹೋಗಿರುತ್ತದೆ.